ಸತ್ಯಮ್ಮನ ಒಲೆಯ ಹೊಗೆ

ಬಳ್ಳಾರಿ ಮಿಶನ್ನಿನ ಬಿಳಿಯ ದೊರೆಗಳಿಂದ ಕಾಗದ ಬಂದ ದಿನ ನಮ್ಮವರು ಅದನ್ನು ಮೂರು ಸಲ ಓದಿದರು. ಮೊದಲನೆಯ ಸಲ ನನಗೆ ಕೇಳುವಂತೆ ಗಟ್ಟಿಯಾಗಿ, ಎರಡನೆಯ ಸಲ ತಮ್ಮಷ್ಟಕ್ಕೆ, ಮೂರನೆಯ ಸಲ ನನಗೆ ಬೆನ್ನು ತಿರುಗಿಸಿ. ಅರ್ಧ ಕಾಗದ ಸಂತೋಷದ್ದು. ಹನ್ನೊಂದು ವರ್ಷ ಸಿರುಗುಪ್ಪದಲ್ಲಿ ಉಪದೇಶಿಯಾಗಿ ಸುವಾರ್ತೆ ಸಾರಿದ ನಮ್ಮವರಿಗೆ ಬರುವ ತಿಂಗಳು ಬಳ್ಳಾರಿಯಲ್ಲಿ ಪಾದ್ರಿಯ ಪದವಿ ಕೊಡುವುದೆಂದು ಮಿಶನ್ನಿನವರು ನಿಶ್ಚಯಿಸಿದ್ದರು. ಉಳಿದರ್ಧ ಹಾಗಿರಲಿಲ್ಲ. ಸಿರುಗುಪ್ಪದ ಸಭೆಯಲ್ಲಿ ಒಕ್ಕಲು ಮನೆತನದಿಂದ ಬಂದ ಕ್ರೈಸ್ತರು ಮಾದಿಗರ ಕೇರಿಯಿಂದ ಬಂದ ಕ್ರೈಸ್ತರ ಜೊತೆ ಉಣ್ಣುವುದಿಲ್ಲವೆಂಬ ಮಾತು ದೊರೆಗಳ ಕಿವಿಗೆ ಬಿದ್ದಿತ್ತು. ಪದವಿ ಕೊಡುವ ಮೊದಲು ತಾವೇ ಬಂದು ನೋಡುತ್ತೇವೆ, ಇಡೀ ಸಭೆ ಒಂದೇ ಸಾಲಿನಲ್ಲಿ ಕೂತು ಕೇರಿಯ ಸತ್ಯಮ್ಮ ಮಾಡಿದ ಅಡಿಗೆಯನ್ನು ಅವಳ ಮನೆಯ ಮುಂದೆಯೇ ಉಣ್ಣಬೇಕು, ತಾವೂ ಅದೇ ಸಾಲಿನಲ್ಲಿ ಕೂಡುತ್ತೇವೆ ಎಂದು ಬರೆದಿದ್ದರು.

ಧಾತು ಸಂವತ್ಸರದ ದೊಡ್ಡ ಬರ ಕಳೆದು ಆಗ ಎಂಟು ವರ್ಷ. ಸಭೆಯೆಂದರೆ ನಲವತ್ತು ಜನ. ಅದರಲ್ಲಿ ಹದಿನೆಂಟು ಮಂದಿ ಒಕ್ಕಲಿಗರು, ಉಳಿದವರು ಕೇರಿಯವರು, ಮತ್ತೆ ನಾವಿಬ್ಬರು.

ನಾವು ಕುರುಗೋಡಿನವರು. ಹೊಲ ಎತ್ತು ಇದ್ದ, ಮಠಕ್ಕೆ ನಡೆದುಕೊಳ್ಳುವ ಮನೆತನ. ನಮ್ಮವರು, ಅಂದರೆ ಕೊಟ್ರಬಸಪ್ಪನವರು, ದೀಕ್ಷಾಸ್ನಾನ ಮಾಡಿಸಿಕೊಂಡ ವರ್ಷ ಅವರ ತಾಯಿ ಮಗನು ನೀರು ಕುಡಿಯುತ್ತಿದ್ದ ತಂಬಿಗೆಯನ್ನು ಅಂಗಳಕ್ಕೆ ಎಸೆದಳು. ನಾದಿನಿಯ ಮದುವೆಗೆ ಹೋದಾಗ ನಮ್ಮಿಬ್ಬರನ್ನು ದನದ ಕೊಟ್ಟಿಗೆಯಲ್ಲಿ ಕೂಡಿಸಿ, ದೂರ ನಿಂತು ಎಲೆಗೆ ಅನ್ನ ಹಾಕಿದರು. ಹಾಕಿದ್ದರಲ್ಲಿ ಅರ್ಧ ಎಲೆಗೆ, ಅರ್ಧ ನೆಲಕ್ಕೆ. ಸಿರುಗುಪ್ಪಕ್ಕೆ ಮರಳುವ ದಾರಿಯುದ್ದಕ್ಕೂ ನಮ್ಮವರು ಬಂಡಿಯಲ್ಲಿ ಅತ್ತರು. ಆ ಅಳುವನ್ನು ಕಂಡವಳು ನಾನು. ಅದಕ್ಕೇ ದೊರೆಗಳ ಕಾಗದ ಓದಿ ನಮ್ಮವರು ಏನು ಹೇಳುತ್ತಾರೆಂದು ನನಗೆ ಗೊತ್ತಿದೆ ಎಂದುಕೊಂಡೆ. ನನಗೇನೂ ಗೊತ್ತಿರಲಿಲ್ಲ.

ಅವರು ಕಾಗದ ಮಡಿಸಿಟ್ಟು, ಇದು ಆಗದ ಮಾತು ಎಂದರು. ಅಷ್ಟೇ.

ಮರುದಿನ ರಾರಾವಿಯ ಉಚ್ಚೆಂಗೆಪ್ಪ ನಮ್ಮ ಕಟ್ಟೆಯ ಮೇಲೆ ಬಂದು ಕೂತ. ಹದಿನೆಂಟು ಮಂದಿ ಒಕ್ಕಲಿಗರಿಗೆ ಅವನೇ ಹಿರಿಯ. ಭಾನುವಾರ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವನು, ಊರ ದೇವತೆಗೆ ಆಳಿನ ಕೈಯಲ್ಲಿ ತೆಂಗಿನಕಾಯಿ ಕಳಿಸುವವನೂ ಅವನೇ. ಊಟದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಅಯ್ಯಾರ, ಏಸುಸ್ವಾಮಿ ನಮ್ಮ ಪಾಪ ತೊಳದಾನ, ಅದಕ್ಕ ಕೈ ಮುಗಿತೀನಿ," ಎಂದ. "ಆದ್ರ ಆ ಕೇರಿ ಗಡಿಗ್ಯಾಗ ಬೆಂದದ್ದು ಉಣ್ಣು ಅಂತ ಎಲ್ಲಿ ಬರದೈತಿ, ತೋರಸ್ರಿ. ನಾವು ಹದಿನೆಂಟು ಮಂದಿ ಬಿಟ್ಟು ಹೋದ್ರ ನಿಮ್ಮ ಸಭಿ ಅಂದ್ರ ಬರೀ ಕೇರಿ. ಆವಾಗ ನಿಮ್ಮನ್ನ ಪಾದ್ರಿ ಅಂತ ಯಾರು ಕರೀತಾರ, ತಮಟಿ ಬಾರಸವ್ರು?"

ನಮ್ಮವರಿಗೆ ಪ್ರಿಯವಾದ ಒಂದು ಪ್ರಸಂಗವಿತ್ತು. ದೇವರು ನಮ್ಮನ್ನು ಹೆಸರು ಹಿಡಿದು ಕರೆದಿದ್ದಾನೆ, ಕರೆಸಿಕೊಂಡವರು ಆ ಕರೆಗೆ ತಕ್ಕವರಾಗಿ ಬಾಳಬೇಕು, ಅರಮನೆಯ ಊಟಕ್ಕೆ ಕರೆಸಿಕೊಂಡವನು ದಾರಿಯಲ್ಲಿ ಕೊಚ್ಚೆಗೆ ಬಿದ್ದು ಹೊರಳುತ್ತಾನೆಯೇ ಎಂದು ಕೇಳುತ್ತಿದ್ದರು. ವರ್ಷಕ್ಕೆ ನಾಲ್ಕು ಸಲವಾದರೂ ಅದನ್ನು ಕೇಳಿದವಳು ನಾನು. ಆ ದಿನ ಉಚ್ಚೆಂಗೆಪ್ಪನಿಗೆ ಅದರಲ್ಲಿ ಒಂದು ಮಾತನ್ನೂ ಅವರು ಹೇಳಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ಇಬ್ಬರೂ ಗುಸುಗುಸು ಮಾತಾಡಿದರು. ಉಚ್ಚೆಂಗೆಪ್ಪ ನಗುತ್ತಾ ಎದ್ದು ಹೋದ.

ಅವರು ಹೂಡಿದ ಉಪಾಯ ಇದು. ಅಡಿಗೆ ನಮ್ಮ ಮನೆಯಲ್ಲಿ ಆಗಬೇಕು, ನನ್ನ ಕೈಯಿಂದ. ದೊರೆಗಳು ಬರುವ ಮೊದಲೇ ಉಚ್ಚೆಂಗೆಪ್ಪನ ಬಂಡಿಯಲ್ಲಿ, ಜೋಳದ ಸೊಪ್ಪೆಯ ಕೆಳಗೆ ಮುಚ್ಚಿ, ಅದನ್ನು ಕೇರಿಗೆ ಸಾಗಿಸಬೇಕು. ಸತ್ಯಮ್ಮನ ಗುಡಿಸಲೊಳಗೆ ಇಟ್ಟರೆ ಒಕ್ಕಲಿಗರು ಮುಟ್ಟುವುದಿಲ್ಲ, ಆದ್ದರಿಂದ ಹೊರಗೆ ಚಪ್ಪರ ಹಾಕಿ ಅಲ್ಲಿ ಇಡಬೇಕು. ಒಳಗೆ ಸತ್ಯಮ್ಮ ಒಲೆ ಹಚ್ಚಬೇಕು, ಹೊಗೆ ಏಳಬೇಕು, ದೊರೆಗಳು ನೋಡಬೇಕು. ಅವಳಿಗೆ ನಾಚಿಕೆಯೆಂದು ಹೇಳಿ ನಾನೇ ಬಡಿಸಬೇಕು. ದೊರೆಗಳೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿರುವ ಸುಳ್ಳು.

ಇದನ್ನು ನಮ್ಮವರು ನನಗೆ ಹೇಳುವಾಗ ಅವರ ಮುಖದಲ್ಲಿ ಒಂದಿಷ್ಟೂ ಕಸಿವಿಸಿ ಇರಲಿಲ್ಲ. ಯಾರಿಗೂ ನೋವಾಗುವುದಿಲ್ಲ ನೋಡು, ಎಲ್ಲರೂ ಒಂದೇ ಸಾಲಿನಲ್ಲಿ ಕೂತಂತೆಯೂ ಆಯಿತು ಎಂದರು. ಮಿಕ್ಕ ಕೆಲಸ ನನ್ನದು. ಸತ್ಯಮ್ಮನಿಗೆ ತಿಳಿಸಬೇಕಾದವಳೂ ನಾನೇ.

ಸತ್ಯಮ್ಮನ ಗಂಡ ಮಾರೆಣ್ಣ ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುವವನು. ಊರ ದೇವತೆಯ ಮುಂದೆ ತಮಟೆ ಬಾರಿಸುವುದು ಅವನ ತಾತನ ಕಾಲದಿಂದ ಬಂದ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಕಣದಿಂದ ಕಾಳು ಸಿಗುತ್ತಿತ್ತು. ದೀಕ್ಷಾಸ್ನಾನವಾದ ಮೇಲೆ ಗಂಡ ಹೆಂಡತಿ ತಮಟೆಯನ್ನು ಗೂಟಕ್ಕೆ ತೂಗುಹಾಕಿದರು. ಊರವರು ಕಾಳು ನಿಲ್ಲಿಸಿದರು. ಒಂದು ವರ್ಷ ಅವರು ಅಂಬಲಿ ಕುಡಿದು ಬದುಕಿದರು, ಯಾರ ಹತ್ತಿರವೂ ಅದನ್ನು ಹೇಳಿಕೊಂಡು ತಿರುಗಲಿಲ್ಲ. ಒಬ್ಬಳೇ ಮಗಳನ್ನು ಬಳ್ಳಾರಿಯ ಹೆಣ್ಣುಮಕ್ಕಳ ಸಾಲೆಗೆ ಕಳಿಸಿದ್ದರು. ಅಲ್ಲಿಯೇ ಉಂಡು ಮಲಗಿ ಓದುವ ಸಾಲೆ. ಹುಡುಗಿ ಅಲ್ಲಿ ಉಳಿಯಬೇಕಾದರೆ ಪ್ರತಿ ವರ್ಷ ಊರಿನ ಉಪದೇಶಿಯ ಚೀಟಿ ಬೇಕು.

ನಾನು ಹೋದಾಗ ಸತ್ಯಮ್ಮ ನೆಲ ಸಾರಿಸುತ್ತಿದ್ದಳು. ಗೋಡೆಗೆ ಸುಣ್ಣ ಬಳಿದಾಗಿತ್ತು. ಕುಂಬಾರನಿಂದ ತಂದ ಐದು ಹೊಸ ಗಡಿಗೆಗಳನ್ನು ಗೋಡೆಯ ಬದಿಗೆ ಬೋರಲು ಹಾಕಿದ್ದಳು. ನಮ್ಮ ಕಡೆಯವರು ತನ್ನ ಹಳೆಯ ಗಡಿಗೆಗೆ ಅಸಹ್ಯಪಟ್ಟಾರು ಎಂದು ತಂದ ಹೊಸ ಗಡಿಗೆಗಳು. ಒಕ್ಕಲು ಮನೆಯವರು ಮಾಂಸ ಮುಟ್ಟುವುದಿಲ್ಲವೆಂದು ಕೋಳಿಯನ್ನೂ ಬಿಟ್ಟು, ತೊಗರಿಬೇಳೆ, ಬದನೆಕಾಯಿ, ಜೋಳದ ನುಚ್ಚು ಕೂಡಿಸಿ ಇಟ್ಟಿದ್ದಳು. ನನ್ನನ್ನು ಕಂಡವಳೇ ಕೈ ತೊಳೆದು ಬಂದಳು.

"ಅಮ್ಮಾರ, ಒಳ್ಳೆ ಹೊತ್ತಿಗೆ ಬಂದ್ರಿ. ನಿಮ್ಮ ಕಡಿ ಬ್ಯಾಳಿ ಸಾರಿಗೆ ಹುಣಸಿಹಣ್ಣು ಮೊದಲು ಹಾಕ್ತಾರೋ, ಬ್ಯಾಳಿ ಬೆಂದ ಮ್ಯಾಲೋ?"

ಬೇಳೆ ಬೆಂದ ಮೇಲೆ ಎಂದೆ. ಆಮೇಲೆ ಉಳಿದದ್ದನ್ನು ಹೇಳಿದೆ. ಅವಳು ಗಡಿಗೆಗಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಸಾರಿಸಿದ ನೆಲ ಒಣಗುವುದನ್ನು ನೋಡುತ್ತಾ ಕೂತಿದ್ದಳು.

"ಹಂಗಾರ ಒಲಿ ಮ್ಯಾಲ ನಾ ಏನಿಡ್ಲಿ?" ಎಂದು ಕೇಳಿದಳು.

"ನೀರಿಡು," ಎಂದೆ.

"ದೊರಿ ಕೇಳಿದ್ರ?"

"ಹೌದು, ನಾನ ಮಾಡೀನಿ ಅನ್ನು."

ಆಗ ನಮ್ಮವರು ಕೊನೆಗೆ ಹೇಳು ಎಂದು ಕಳಿಸಿದ್ದ ಮಾತನ್ನೂ ಹೇಳಿದೆ. ಮಗಳ ಚೀಟಿ ಈ ತಿಂಗಳೇ ಬರೆಯಬೇಕು, ಅಯ್ಯನವರು ಅದನ್ನು ಮರೆತಿಲ್ಲ ಎಂದೆ. ಮಾತು ಅವರದು, ನಾಲಿಗೆ ನನ್ನದು. ಸಾಯುವವರೆಗೆ ಈ ನಾಲಿಗೆಗೆ ನಾನು ಇದನ್ನು ಕ್ಷಮಿಸುವುದಿಲ್ಲ. ಕುರುಗೋಡಿನ ಕೊಟ್ಟಿಗೆಯಲ್ಲಿ ಕೂತು ಉಂಡವಳು ಇನ್ನೊಬ್ಬಳಿಗೆ ಹೇಳಬಹುದಾದ ಮಾತೇ ಅದು? ಆದರೂ ಹೇಳಿದೆ, ಹೇಳಿ ಮನೆಗೆ ಬಂದು ಗೋಧಿ ಆರಿಸುತ್ತಾ ಕೂತೆ.

ಶನಿವಾರ ದೊರೆಗಳು ಬಂದರು. ಕುರುಗೋಡಿನಲ್ಲಿ ತಂಗಿ ಬೆಳಿಗ್ಗೆ ಬಂಡಿಯಲ್ಲಿ ಹೊರಟು ಬಂದಿದ್ದರು. ಅಷ್ಟು ಹೊತ್ತಿಗೆ ನನ್ನ ಅಡಿಗೆ ಕಾಲುವೆ ದಾಟಿ ಕೇರಿಯ ಚಪ್ಪರದಲ್ಲಿ ಕೂತಿತ್ತು. ಅನ್ನ, ಸಾರು, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ. ಸತ್ಯಮ್ಮನ ಗುಡಿಸಲಿನ ಸೂರಿನಿಂದ ಹೊಗೆ ಏಳುತ್ತಿತ್ತು. ದೊರೆಗಳು ಅದನ್ನು ನೋಡಿದರು. ನಮ್ಮವರು ಕೈ ತೋರಿಸಿಯೇ ನೋಡಿಸಿದರು.

ಇಡೀ ಸಭೆ ಒಂದೇ ಸಾಲಿನಲ್ಲಿ ಕೂತಿತು. ಹೊರಗಿನಿಂದ ನೋಡಿದವರಿಗೆ ಕಣ್ಣು ತುಂಬಿ ಬರಬೇಕು, ಹಾಗಿತ್ತು. ಉಚ್ಚೆಂಗೆಪ್ಪನ ಪಕ್ಕದಲ್ಲಿ ಮಾರೆಣ್ಣ, ಮಾರೆಣ್ಣನ ಪಕ್ಕದಲ್ಲಿ ದೊರೆಗಳು, ಅವರ ಪಕ್ಕದಲ್ಲಿ ನಮ್ಮವರು. ಮಾರೆಣ್ಣ ಕೈಯನ್ನು ಎಲೆಗೆ ಇಳಿಸಲೋ ಬೇಡವೋ ಎಂದು ಕೂತಿದ್ದ. ತನ್ನ ಹೆಂಡತಿಯದಲ್ಲದ ಅಡಿಗೆಯನ್ನು ತನ್ನ ಮನೆಯ ಮುಂದೆ ಅತಿಥಿಯಂತೆ ಉಣ್ಣುತ್ತಿದ್ದ ಅವನು. ಸತ್ಯಮ್ಮ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ನಾನು ಸೌಟು ಹಿಡಿದು ಬಡಿಸುತ್ತಿದ್ದೆ. ಎಲ್ಲಿಂದಲೋ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು, ಪಕ್ಕದ ಮನೆಯಲ್ಲಿ ಯಾರೋ ಅಡಿಗೆ ಮಾಡುತ್ತಿದ್ದಾರೆ ಎಂದುಕೊಂಡೆ.

ಉಚ್ಚೆಂಗೆಪ್ಪನಿಗೆ ತಡೆಯಲಾಗಲಿಲ್ಲ. ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡು ಬಾಗಿಲ ಕಡೆ ತಿರುಗಿ, "ಏ ಸತ್ಯವ್ವ, ನಿನ್ನ ಕೈ ರುಚಿ ಭಾರಿ ಐತಿ ಬಿಡು. ನಮ್ಮ ಮನ್ಯಾಕಿಗೂ ಒಂದೀಟು ಕಲಸು," ಎಂದ. ಅವನ ಕಡೆಯ ಸಾಲಿನಲ್ಲಿ ನಗು ಹರಿಯಿತು. ಕೇರಿಯವರ ಕಡೆ ಯಾರೂ ನಗಲಿಲ್ಲ. ದೊರೆಗಳು ಇದು ಅನ್ಯೋನ್ಯದ ನಗು ಎಂದುಕೊಂಡು ತಾವೂ ನಕ್ಕರು. ಆ ನಗು ನನ್ನ ಮೈ ಸುಟ್ಟಿತು. ಮೋಸ ಮಾಡಿದರೆ ಮಾಡಿರಿ, ಮೋಸ ಹೋದವಳ ಬಾಗಿಲಲ್ಲಿ ಕೂತು ಅವಳನ್ನೇ ಅಣಕಿಸಿ ಉಣ್ಣಬೇಕೆ?

ದೊರೆಗಳು ಕನ್ನಡವನ್ನು ತೆಲುಗು ಬೆರೆಸಿ ಆಡುತ್ತಿದ್ದರು, ಆದರೂ ಅರ್ಥವಾಗುತ್ತಿತ್ತು. ಸತ್ಯಮ್ಮನನ್ನು ಕರೆದು, ಇಂಥ ಒಳ್ಳೆಯ ಊಟದ ವಿಷಯ ನಮ್ಮ ದೇಶಕ್ಕೆ ಬರೆಯುತ್ತೇನೆ, ಇದನ್ನೆಲ್ಲ ನೀನೇ ನಿನ್ನ ಕೈಯಿಂದ ಮಾಡಿದ್ದೋ ಎಂದು ಕೇಳಿದರು.

ಸಾಲಿನಲ್ಲಿ ಎಲ್ಲರ ಕೈ ನಿಂತಿತು. ನಮ್ಮವರು ಸಣ್ಣಗೆ ಕೆಮ್ಮಿ, "ಮಗಳ ವಿಷ್ಯಾ ದೊರಿಗೆ ಹೇಳೀನಿ ಸತ್ಯಮ್ಮ," ಎಂದರು, ಬಹಳ ಮೆತ್ತಗೆ, ಕನಿಕರದವರ ಹಾಗೆ.

ಸತ್ಯಮ್ಮನ ಬಾಯಿ ತೆರೆಯಿತು. ಅವಳು ಏನು ಹೇಳುವವಳಿದ್ದಳೋ ಇಂದಿಗೂ ನನಗೆ ಗೊತ್ತಿಲ್ಲ, ನಾನು ಕೇಳಿಯೂ ಇಲ್ಲ. ತಮಟೆ ಬಿಟ್ಟು ಕಾಳು ಕಳೆದುಕೊಂಡ ಹೆಂಗಸಿನ ಬಾಯಿಂದ ನಾವು, ದೇವರು ಕರೆದ ಜನ ಎಂದು ಹೇಳಿಕೊಳ್ಳುವ ನಾವು, ಸುಳ್ಳು ಕೀಳಲು ಕೂತಿದ್ದೇವಲ್ಲ ಎನಿಸಿ ಸೌಟು ಕೆಳಗಿಟ್ಟೆ.

"ಅದು ಆಕಿ ಮಾಡಿದ್ದಲ್ರಿ," ಎಂದೆ. "ನಾ ಮಾಡಿದ್ದು. ನಮ್ಮ ಮನ್ಯಾಗ ಮಾಡಿ ಬಂಡ್ಯಾಗ ತಂದೀವಿ."

ನಮ್ಮವರು ಗಾಬರಿಯಾಗಲಿಲ್ಲ. ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ದೊರೆಗಳ ಕಡೆ ತಿರುಗಿ, ಬೆಳಿಗ್ಗೆಯಿಂದ ನಿಂತೇ ಇದ್ದಾಳೆ, ಇವಳಿಗೆ ಬಿಸಿಲು ಹತ್ತಿದೆ, ಏನೋ ಆಡುತ್ತಾಳೆ ಎಂದರು. ಉಚ್ಚೆಂಗೆಪ್ಪ ಹೌದು ಹೌದೆಂದು ತಲೆ ಹಾಕಿದ. ಇಪ್ಪತ್ತು ವರ್ಷ ಅವರ ಒಲೆ ನೋಡಿಕೊಂಡವಳು ಒಂದು ನಿಜ ನುಡಿದದ್ದಕ್ಕೆ ಹುಚ್ಚಿಯಾದೆ. ದೊರೆಗಳು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವರನ್ನು. ಕೊನೆಗೆ ಸತ್ಯಮ್ಮನನ್ನೇ ಕೇಳಿದರು.

ಸತ್ಯಮ್ಮ ಸೆರಗು ಸರಿಮಾಡಿಕೊಂಡಳು.

"ಅಮ್ಮಾರಿಗೆ ಬಿಸಿಲು ಹತ್ತಿಲ್ರಿ, ದೊರಿ. ಅಮ್ಮಾರು ಮಾಡಿದ್ದು ಹೊರಗ ಐತಿ, ಅದನ್ನ ಉಂಡೀರಿ. ನಾ ಮಾಡಿದ್ದು ಒಳಗ ಐತಿ."

ಯಾರಿಗೂ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವಳು ಒಳಗೆ ಹೋಗಿ ಹೊಸ ಗಡಿಗೆಯನ್ನು ಅರಿವೆಯಲ್ಲಿ ಹಿಡಿದು ತಂದು ದೊರೆಗಳ ಮುಂದೆ ಇಟ್ಟಳು. ಮುಚ್ಚಳ ತೆಗೆದಾಗ ಬೇಳೆ ಸಾರಿನ ಹಬೆ ಎದ್ದಿತು. ಅದರ ಹಿಂದೆಯೇ ಇನ್ನೊಂದು ಗಡಿಗೆ ತಂದಳು, ಅದರಲ್ಲಿ ನುಚ್ಚು.

"ನೀರಿಡು ಅಂದ್ರು, ಇಟ್ಟೆ. ನೀರು ಕುದ್ದ ಮ್ಯಾಲ ನೋಡ್ಕೋತ ಕೂಡಾಕ ಆಗ್ಲಿಲ್ಲ. ಬರೀ ಹೊಗಿ ಎಬ್ಸಿ ತೋರ್ಸಾಕ ನನ್ನ ಕೈ ಬರ್ಲಿಲ್ರಿ. ಬ್ಯಾಳಿ ಹಾಕಿದೆ." ಆಮೇಲೆ ನಮ್ಮವರ ಕಡೆ ತಿರುಗಿದಳು. ಅವಳ ಮಾತಿನಲ್ಲಿ ಆಗಲೂ ಮರ್ಯಾದೆ ತಪ್ಪಿರಲಿಲ್ಲ. "ಮಗಳ ಸಾಲಿ ಬಿಡಸ್ತೀರೇನು ಅಯ್ಯಾರ, ಬಿಡಸ್ರಿ. ಆಕೀಗೆ ಅಲ್ಲಿ ಸುಳ್ಳು ಹೇಳಬ್ಯಾಡ ಅಂತ ಕಲಸ್ತಾರ. ನಾ ಇಲ್ಲಿ ಸುಳ್ಳು ಹೇಳಿ ಆಕೀನ ಅಲ್ಲಿ ಇಟ್ರ ಏನು ಬಂತು?"

ದೊರೆಗಳ ಮುಖ ಕೆಂಪಾಗಿತ್ತು. ಸಿಟ್ಟಿಗೋ ನಾಚಿಕೆಗೋ, ಹೇಳಲಾರೆ. ಅವರ ಮೇಲೂ ನನಗೆ ಸಿಟ್ಟಿತ್ತು. ಹನ್ನೊಂದು ವರ್ಷದಲ್ಲಿ ಕೇರಿಗೆ ಒಮ್ಮೆಯೂ ಉಣ್ಣಲು ಬಾರದೆ, ಒಂದು ಊಟ ನೋಡಿ ಎಲ್ಲ ಸರಿಯಾಗಿದೆ ಎಂದು ಬರೆಯಲು ಬಂದವರಲ್ಲವೇ ಅವರು? ಆದರೆ ಇಷ್ಟು ಹೇಳಬೇಕು. ಅವರು ತಮ್ಮ ಎಲೆಯನ್ನು ಮಡಿಸಿ ಬದಿಗಿಟ್ಟು ಬೇರೆ ಎಲೆ ಕೇಳಿದರು. ಹುಡುಗಿಯ ವಿಷಯಕ್ಕೆ ಇನ್ನು ಯಾರ ಚೀಟಿಯೂ ಬೇಡ, ಅವಳು ಸಾಲೆಯಲ್ಲಿಯೇ ಇರುತ್ತಾಳೆ ಎಂದರು. ಹೊಟ್ಟೆ ತುಂಬಿದ್ದರೂ ನುಚ್ಚು ಹಾಕಿಸಿಕೊಂಡು ಉಂಡರು.

ಸತ್ಯಮ್ಮ ಸೌಟು ಹಿಡಿದು ಸಾಲಿನ ಮುಂದೆ ಬಂದಳು. ಉಚ್ಚೆಂಗೆಪ್ಪ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಎದ್ದ. ಅವನ ಹಿಂದೆ ಅವನ ಮನೆಯವರು, ಅವರ ಹಿಂದೆ ಉಳಿದವರು, ಹದಿನೆಂಟು ಮಂದಿಯೂ ಎದ್ದು, ಅರ್ಧ ಉಂಡ ಎಲೆ ಬಿಟ್ಟು, ಕಾಲುವೆಯ ಕಡೆ ನಡೆದರು. ಈವರೆಗೆ ಅದೇ ನೆಲದಲ್ಲಿ ಕೂತು ಉಂಡವರಿಗೆ ಒಂದು ಸೌಟು ಬೇಳೆ ಕಂಡ ಕೂಡಲೇ ನೆಲ ಮೈಲಿಗೆಯಾಯಿತು.

ನಾನು ಉಚ್ಚೆಂಗೆಪ್ಪ ಬಿಟ್ಟ ಜಾಗದಲ್ಲಿ ಮಾರೆಣ್ಣನ ಪಕ್ಕ ಕೂತೆ. ಸತ್ಯಮ್ಮ ಬಡಿಸಿದಳು. ಹುಣಸೆಹಣ್ಣು ಸ್ವಲ್ಪ ಹೆಚ್ಚಾಗಿತ್ತು.

ಸತ್ಯಮ್ಮ ನಮ್ಮವರ ಮುಂದೆ ನಿಂತಳು. ಅವರು ಎದ್ದು ಹೋಗುವಂತಿರಲಿಲ್ಲ, ದೊರೆಗಳು ಪಕ್ಕದಲ್ಲಿದ್ದರು. "ಹೊಟ್ಟಿ ತುಂಬೇತಿ," ಎಂದರು.

ದೊರೆಗಳು ಅಂದೇ ಬಳ್ಳಾರಿಯ ಹಾದಿ ಹಿಡಿದರು. ಹೋಗುವಾಗ ಪದವಿಯ ಮಾತು ಸದ್ಯಕ್ಕೆ ಬೇಡ ಎಂದಷ್ಟೇ ಹೇಳಿದರು. ನಾವು ಮನೆಗೆ ಬಂದೆವು. ನಮ್ಮವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅದೂ ಇಲ್ಲ.

"ಹದಿನೆಂಟು ಮಂದಿ ಹೋದ್ರು, ನಿನ್ನ ಒಂದ್ ಮಾತಿಗೆ," ಎಂದರು.

"ಹೋಗ್ಲಿ ಬಿಡ್ರಿ. ಅವ್ರು ಯಾವತ್ತು ಬಂದಿದ್ರು?"

ಸಂಜೆಗೆ ಅವರು ಕೈಕಾಲು ತೊಳೆದು ಊಟಕ್ಕೆ ಕೂತರು. ನಾನು ಏಳಲಿಲ್ಲ. ನಿಮ್ಮ ಊಟ ಕೇರಿಯಲ್ಲಿ ಉಳಿದಿದೆ, ಅದನ್ನು ಉಂಡು ಬಂದ ಮೇಲೆ ಈ ಮನೆಯಲ್ಲಿ ಬೇಯಿಸುತ್ತೇನೆ, ಅಲ್ಲಿಯವರೆಗೆ ಇಲ್ಲ ಎಂದೆ. ಮದುವೆಯಾಗಿ ಬಂದಂದಿನಿಂದ ಅವರಿಗೆ ಎದುರು ಮಾತಾಡಿದ್ದು ಅಂದು ಮೂರನೆಯ ಸಲ, ಮೂರೂ ಒಂದೇ ದಿನ. ಅವರು ನಕ್ಕರು. ಹೆಣ್ಣಿನ ಹಟ ಎಷ್ಟು ಹೊತ್ತು ನಿಲ್ಲುತ್ತದೆ ಎಂದುಕೊಂಡಿರಬೇಕು. ನಾನು ತಾಳ್ಮೆಯವಳು ಎಂದು ಎಲ್ಲರೂ ಹೇಳುತ್ತಾರೆ. ತಾಳ್ಮೆ ಎಂದರೆ ಬರೀ ನುಂಗುವುದು ಎಂದು ಅವರೂ ತಿಳಿದಿದ್ದರು.

ಭಾನುವಾರ ಅವರು ಮಂಡಕ್ಕಿ ತಿಂದು ಸಭೆಗೆ ಹೋದರು. ಇಪ್ಪತ್ತು ಜನರ ಮುಂದೆ ನಿಂತು ಅದೇ ಪ್ರಸಂಗ ಮಾಡಿದರು, ಕರೆಸಿಕೊಂಡವರು ಕರೆಗೆ ತಕ್ಕವರಾಗಿ ಬಾಳಬೇಕು ಎನ್ನುವುದು. ಧ್ವನಿ ಎಲ್ಲಿಯೂ ನಡುಗಲಿಲ್ಲ. ಕೇರಿಯವರು ತಲೆ ಬಗ್ಗಿಸಿ ಕೇಳಿದರು. ಮಧ್ಯದಲ್ಲಿ ಎದ್ದು ಹೊರಗೆ ಬಂದವಳು ನಾನೊಬ್ಬಳೇ. ಸೋಮವಾರ ಅಂಗಡಿಯ ಬೆಲ್ಲ, ಕಡಲೆ. ಮಂಗಳವಾರ ಅದೂ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ನಾನು ಸತ್ಯಮ್ಮನ ಮನೆಯಲ್ಲಿ ಅವಳ ಜೊತೆ ಜೋಳ ಕುಟ್ಟುತ್ತಿದ್ದೆ. ಉಪದೇಶಿಗಳು ಕಾಲುವೆ ದಾಟಿ ಬರುತ್ತಿದ್ದಾರೆ ಎಂದು ಮಾರೆಣ್ಣ ಎದ್ದು ನಿಂತ. ಬಂದವರು ಬಾಗಿಲ ಹೊರಗೆ ನಿಂತರು. ನನ್ನನ್ನು ನೋಡಲಿಲ್ಲ.

"ಉಣ್ಣಾಕ ಬಂದೀನವ್ವ," ಎಂದರು.

"ಬ್ಯಾಳಿ ಮುಗದೈತ್ರಿ, ಅಯ್ಯಾರ. ಅಂಬಲಿ ಐತಿ, ಕುಡೀತೀರೇನು?"

ಒಳಗೆ ಬಂದು ನೆಲಕ್ಕೆ ಕೂತರು. ಸತ್ಯಮ್ಮ ತಾನು ಕುಡಿಯುವ ಬಟ್ಟಲನ್ನೇ ತೊಳೆದು ಅಂಬಲಿ ಹಾಕಿ ಕೊಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಾರ್ಥನೆ ಮಾಡುವವರಂತೆ ಕಣ್ಣು ಮುಚ್ಚಿದರು. ಪ್ರಾರ್ಥನೆ ಬರಲಿಲ್ಲ. ಕಣ್ಣು ತೆರೆದು ಕುಡಿದರು. ಅಷ್ಟರಲ್ಲಿ ಸತ್ಯಮ್ಮ ಅವರ ಮುಂದೆ ಒಂದು ಈರುಳ್ಳಿ ಒಡೆದಿಟ್ಟಳು.

ಅಷ್ಟಾದರೂ ಆಯಿತಲ್ಲ ಎಂದು ಆಮೇಲೆ ಬಹಳ ಜನ ನನಗೆ ಹೇಳಿದ್ದಾರೆ. ನನಗೆ ಸಮಾಧಾನವಾಗಲಿಲ್ಲ. ಹನ್ನೊಂದು ವರ್ಷ ಊರೂರು ತಿರುಗಿ, ಕೊಳಗಲ್ಲಿನಿಂದ ರಾರಾವಿಯವರೆಗೆ, ಬನ್ನಿ, ದೇವರು ಕರೆಯುತ್ತಾನೆ ಎಂದು ಸಾರಿದ ಮನುಷ್ಯನಿಗೆ ಕಾಲುವೆಯ ಆಚೆಯ ಮನೆಗೆ ಹೋಗಲು ನಾಲ್ಕು ದಿನದ ಹಸಿವು ಬೇಕಾಯಿತು. ಹಸಿವು ಕರೆತಂದಿತೋ ನಾಚಿಕೆ ಕರೆತಂದಿತೋ, ಅವರೂ ಹೇಳಲಿಲ್ಲ.

ಬಟ್ಟಲು ಬರಿದಾಯಿತು. ಅವರು ಅದನ್ನು ಕೆಳಗಿಡಲಿಲ್ಲ. ದೊರೆಗಳು ಬಳ್ಳಾರಿಯಲ್ಲಿದ್ದರು, ಉಚ್ಚೆಂಗೆಪ್ಪ ರಾರಾವಿಯಲ್ಲಿದ್ದ, ನೋಡುವವರೆಂದರೆ ನಾವು ಮೂವರೇ.

"ಇನ್ನೊಂದೀಟು ಹಾಕವ್ವ," ಎಂದರು.

"ಸಾವಕಾಶ ಕುಡೀರಿ ಅಯ್ಯಾರ, ಬಿಸಿ ಐತಿ," ಎಂದು ಸತ್ಯಮ್ಮ ಹಾಕಿದಳು.